ಕೆಲಸ: ಕಾವಲುಗಾರ

ಕಚೇರಿಯ ಎಂಟು ಮೆಟ್ಟಿಲು ಹತ್ತುವುದಕ್ಕೆ ದುರಗಪ್ಪನಿಗೆ ಕಾಲು ತಾಸು ಹಿಡಿಯಿತು. ಮೂರನೇ ಮೆಟ್ಟಿಲಿಗೆ ಒಮ್ಮೆ ಕೂತ. ಐದನೆಯದಕ್ಕೆ ಕಂಬ ಹಿಡಿದು ನಿಂತ. ಹೆಂಡತಿ ಸತ್ಯವ್ವ ಬಗಲಲ್ಲಿ ಎಕ್ಸರೇ ಚೀಲ ಅವುಚಿಕೊಂಡು, ಗಂಡನ ರಟ್ಟೆಗೆ ಕೈ ಕೊಟ್ಟು, "ಇನ್ನ ಮೂರ ಅದಾವ ನೋಡು, ಮೂರ" ಎಂದು ಕೂಸಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ದುರಗಪ್ಪ ಮುದುಕನಲ್ಲ. ಐವತ್ತೊಂದು ವರ್ಷ. ಡ್ರಿಲ್ ಮಶೀನನ್ನು ಹೆಗಲ ಮೇಲೆ ಹೊತ್ತು ಕಲ್ಲಿನ ಖಣಿಯ ಏಣಿಯನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದ ಆಳು. ಈಗ ಅವನ ಎದೆ ಹರಿದ ತಿದಿಯ ಹಾಗೆ ಸುಯ್ಯೆನ್ನುತ್ತಿತ್ತು.

ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಖುಶನುಮಾ ಗಾಜಿನಲ್ಲಿ ಅವರನ್ನು ಕಂಡು ಎದ್ದು ಬಂದಳು. ಖಣಿಯ ಆಳುಗಳು ಕಿಟಕಿಯ ಹೊರಗೇ ನಿಂತು ಮಾತಾಡಬೇಕು ಎಂಬುದು ಕಂಪನಿಯ ಕಾಯಿದೆ. ಅವಳು ಬಾಗಿಲು ತೆರೆದು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟಳು.

"ಕುಂದರ್ರಿ ಕಾಕಾ."

"ಕುರ್ಚಿ ಹೊಲಸ ಆಕ್ಕೈತೆವಾ. ಮೈತುಂಬ ಧೂಳೈತಿ."

"ಆಗ್ಲೇಳ್ರಿ. ಕುರ್ಚಿ ಏನ್ ನಮ್ಮಪ್ಪಂದಲ್ಲ."

"ನಿಮ್ಮಪ್ಪಂದಾಗಿದ್ರೂ ಕುಂದರಸ್ತಿದ್ದಿ ಬಿಡು ನೀ" ಎಂದಳು ಸತ್ಯವ್ವ. ಎಕ್ಸರೇ ಚೀಲವನ್ನು ಮೇಜಿನ ಮೇಲಿಟ್ಟಳು. "ಬಾಗಲಕೋಟಿ ದವಾಖಾನ್ಯಾಗ ತೋರಿಸಿಕೊಂಡು ಬಂದ್ವಿ. ಪುಪ್ಪುಸದಾಗ ಕಲ್ಲಿನ ಧೂಳು ಕುಂತೈತಿ ಅಂದ್ರು. ಬೆಣಚುಕಲ್ಲಿನ ಹಂಗ ಗಟ್ಟಿ ಆಗೈತಂತ. ಕಂಪನಿಯಾವ್ರು ಇಷ್ಟು ವರ್ಷ ಡ್ರಿಲ್ ಹೊಡದಾನ ಅಂತ ಒಂದು ಕಾಗದ ಕೊಟ್ರ ಔಷಧ, ಉಸರಿನ ಮಶೀನು ಎಲ್ಲಾ ಸರಕಾರದಿಂದ ಬರ್ತಾವಂತ. ಕಾಗದ ಇಲ್ಲಾಂದ್ರ ಏನೂ ಇಲ್ಲ."

"ಎರಡು ಮಿನಿಟು ಚಿಗವ್ವಾ. ಈಗ ಎಲ್ಲಾ ಕಂಪ್ಯೂಟರಿನಾಗ ಐತಿ."

ಖುಶನುಮಾ ನಿಂತುಕೊಂಡೇ ಹೆಸರು ಹೊಡೆದಳು. ಪ್ರಿಂಟರು ಗುರುಗುಟ್ಟಿ ಒಂದು ಹಾಳೆ ಉಗುಳಿತು. ಸತ್ಯವ್ವನಿಗೆ ಓದಲು ಬಾರದು. "ಓದಿ ಹೇಳವಾ, ಹೆಸರು ಸರಿ ಐತೇನು ನೋಡು" ಎಂದಳು.

ಖುಶನುಮಾ ಓದಿದಳು. "ಹೆಸರು, ದುರಗಪ್ಪ. ಸೇವೆಯ ಅವಧಿ, ಇಪ್ಪತ್ತೆರಡು ವರ್ಷ. ಕೆಲಸ..."

ಅವಳು ಹಾಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಕೆಲಸ?" ಎಂದಳು ಸತ್ಯವ್ವ.

"ಕಾವಲುಗಾರ."

"ಎಷ್ಟು ವರ್ಷ ಕಾವಲುಗಾರ?"

"ಇಪ್ಪತ್ತೆರಡೂ ವರ್ಷ ಅಂತೈತಿ."

ದುರಗಪ್ಪನಿಗೆ ನಗು ಬಂತು. ನಗಲು ಹೋದದ್ದು ಕೆಮ್ಮಾಯಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ ಮೇಲೆ, "ಏ ಯವ್ವಾ, ನಾ ಗೇಟಿಗೆ ಕುಂತು ಏಳು ತಿಂಗಳಾತು. ಅದಕ್ಕ ಮೊದಲ ಖಣಿ ಯಾರು ಕೊರದ್ರು, ನಿಮ್ಮ ಕಂಪ್ಯೂಟರ ಕೊರೀತೇನು?" ಎಂದ.

ಖುಶನುಮಾಳ ಕಿವಿ ಬಿಸಿಯಾಯಿತು. ಅದನ್ನು ತಿದ್ದಿದವಳು ತಾನೇ ಎಂದು ಅವಳಿಗೆ ನೆನಪಾಗಿತ್ತು.

ಖುಶನುಮಾ ಇಳಕಲ್ಲಿನವಳು. ತಾಯಿ ಕಾಸಿಂಬಿ ಸೀರೆ ನೇಯುವವರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಮಗಳನ್ನು ಬಿ.ಕಾಂ. ತನಕ ಓದಿಸಿದ್ದಳು. ಅಣ್ಣ ಜಹೀರ ಇದೇ ಖಣಿಯಲ್ಲಿ ಡ್ರಿಲ್ ಹೊಡೆಯುತ್ತಿದ್ದ. ಎರಡು ವರ್ಷದ ಹಿಂದೆ ಕಂಪನಿ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿಸಿದಾಗ ಅವಳಿಗೆ ಈ ಕೆಲಸ ಸಿಕ್ಕಿತು. ಮೇಸ್ತ್ರಿಗಳು ಬೀಡಿ ಸೇದುತ್ತ ಗೀಚಿದ ಪುಸ್ತಕಗಳು ಅವು. ಬೆವರು, ಗ್ರೀಸು, ಚಹಾದ ಕಲೆ. ಕಂಪ್ಯೂಟರು ತಾನೇ ಓದಿದರೆ ಅರ್ಧಕ್ಕರ್ಧ ತಪ್ಪು. ಆ ತಪ್ಪುಗಳನ್ನು ಹುಡುಕಿ ತಿದ್ದುವುದೇ ಅವಳ ಕೆಲಸ. ಪುಸ್ತಕಗಳು ಮಾತ್ರ ಆಮೇಲೆ ಲಾರಿ ತುಂಬಿ ರದ್ದಿಗೆ ಹೋದವು.

ತಿದ್ದುವುದು ಕಷ್ಟವೇನಿರಲಿಲ್ಲ. ಮೊದಲು ಇಡೀ ಕಡತ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸಬೇಕಿತ್ತು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ತಪ್ಪಿದ್ದ ಜಾಗದ ಮೇಲೇ ಎರಡು ಸಲ ಒತ್ತಿದರೆ ಸಾಕು, ಅಷ್ಟು ಅಕ್ಷರ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಅಲ್ಲೇ ಬರೆ, ಸರಿ ಗುರುತು ಒತ್ತು, ಮುಗಿಯಿತು. ನೊಣ ಕೂತು ಎದ್ದಷ್ಟು ಹೊತ್ತು. ಅವಳಿಗೆ ಅವಳದೇ ಹೆಸರಿನ ಲಾಗಿನ್ ಕೊಟ್ಟಿದ್ದರು. ಆ ದಿನ ಅವಳು ತಾಯಿಗೆ ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದ್ದಳು.

ಮ್ಯಾನೇಜರ್ ಪ್ರಭುಲಿಂಗ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದ. ಬನಶಂಕರಿಗೆ ಹೋಗಿಬಂದರೆ ಪ್ರಸಾದ ಕೊಡುತ್ತಿದ್ದ. ರಂಜಾನ್ ತಿಂಗಳಲ್ಲಿ ಒಂದು ತಾಸು ಮೊದಲೇ ಮನೆಗೆ ಕಳಿಸುತ್ತಿದ್ದ. ದಿನಾ ಒಂದು ಚೀಟಿ ಕೊಡುತ್ತಿದ್ದ. ಯಾರ ಸಾಲಿನಲ್ಲಿ ಏನು ತಿದ್ದಬೇಕು ಎಂದು ಅದರಲ್ಲಿರುತ್ತಿತ್ತು. ತಿದ್ದಿದ ಮೇಲೆ ಚೀಟಿ ವಾಪಸು ಇಸಿದುಕೊಂಡು ಸಣ್ಣಗೆ ಹರಿದು ಬುಟ್ಟಿಗೆ ಹಾಕುತ್ತಿದ್ದ. ಅಚ್ಚುಕಟ್ಟಿನ ಮನುಷ್ಯ ಎಂದುಕೊಂಡಿದ್ದಳು.

ಖಣಿಯಲ್ಲಿ ಒಂದು ರೂಢಿಯಿತ್ತು. ಡ್ರಿಲ್ ಹೊಡೆಯುವವನಿಗೆ ಕೆಮ್ಮು ಹತ್ತಿ ಏಣಿಯಲ್ಲಿ ಏದುಸಿರು ಬರತೊಡಗಿದರೆ ಅವನನ್ನು ಮನೆಗೆ ಅಟ್ಟುತ್ತಿರಲಿಲ್ಲ. ಗೇಟಿಗೆ ಕೂರಿಸುತ್ತಿದ್ದರು, ಇಲ್ಲವೇ ನೀರಿನ ಟ್ಯಾಂಕಿಗೆ ಹಾಕುತ್ತಿದ್ದರು. ಪಗಾರ ಕಡಿಮೆ ಮಾಡುತ್ತಿರಲಿಲ್ಲ. ಅದಕ್ಕೆ ಹಗುರು ಕೆಲಸ ಎಂದು ಹೆಸರು. ಹಗುರು ಕೆಲಸ ಸಿಕ್ಕವನ ಮನೆಯಲ್ಲಿ ಆ ದಿನ ಸಿಹಿ ಅಡುಗೆ. ಮಾಲೀಕರು ದೇವರಂಥವರು ಎಂದು ಹೆಂಗಸರು ಕೈ ಮುಗಿಯುತ್ತಿದ್ದರು. ಬೇರೆ ಖಣಿಗಳಲ್ಲಿ ಇಂಥ ದಯೆ ಎಲ್ಲಿದೆ?

ಏಳು ತಿಂಗಳ ಹಿಂದೆ ದುರಗಪ್ಪ ಗೇಟಿಗೆ ಕೂತ ವಾರವೇ ಚೀಟಿ ಬಂದಿತ್ತು. ದುರಗಪ್ಪ, ಕಾವಲು. ಸುಳ್ಳೇನಲ್ಲ. ಅವನು ಗೇಟಿನಲ್ಲಿ ಕೂತದ್ದನ್ನು ಅವಳೇ ದಿನಾ ನೋಡುತ್ತಿದ್ದಳು. ಅವನ ಹೆಸರಿನ ಮುಂದಿನ ಜಾಗ ಒತ್ತಿ, ಡ್ರಿಲ್ ಎಂಬುದನ್ನು ಅಳಿಸಿ, ಕಾವಲುಗಾರ ಎಂದು ಬರೆದಳು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ವ್ಯಕ್ತಿಯ ಹಿಂದಿನ ಎಲ್ಲ ಸಾಲುಗಳಿಗೂ ಇದನ್ನು ಹಚ್ಚಬೇಕೇ?

"ಸರ, ಹಿಂದಿನ ಎಲ್ಲಾ ಸಾಲಿಗೂ ಹಚ್ಚಲೇನು ಅಂತ ಕೇಳಾಕತ್ತೈತ್ರಿ" ಎಂದು ಕೂಗಿದ್ದಳು.

"ಹೂಂ ಅನ್ನವಾ" ಎಂದಿದ್ದ ಪ್ರಭುಲಿಂಗ ಕ್ಯಾಬಿನ್ನಿನಿಂದ. "ಒಬ್ಬ ಮನಷಾಗ ಎರಡೆರಡು ಕೆಲಸ ಇದ್ರ ಕಂಪ್ಯೂಟರ್ ತಲಿ ಕೆಡ್ತೈತಿ."

ಅವಳು ಹೂಂ ಎಂದು ಒತ್ತಿದ್ದಳು.

ಈಗ ಆ ಹಾಳೆ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದಳು. ಪ್ರಭುಲಿಂಗ ಹಣೆಯ ವಿಭೂತಿ ಅಳಿಸದ ಹಾಗೆ ಮೆಲ್ಲಗೆ ಬೆವರು ಒರೆಸಿಕೊಳ್ಳುತ್ತಿದ್ದ.

"ಸರ, ದುರಗಪ್ಪ ಕಾಕಾನ ದಾಖಲಿ ತಪ್ಪಾಗೇತ್ರಿ. ಇಪ್ಪತ್ತೆರಡು ವರ್ಷನೂ ಕಾವಲು ಅಂತ ತೋರಸಾಕತ್ತೈತಿ. ಹೊಳ್ಳಿ ಡ್ರಿಲ್ಲು ಅಂತ ಮಾಡ್ಲೇನ್ರಿ?"

"ಮಾಡಬ್ಯಾಡ."

"ಯಾಕ್ರಿ?"

"ಸರಿ ಐತಿ ಅದು."

"ಅಂವ ಡ್ರಿಲ್ ಹೊಡದದ್ದು ಇಡೀ ಊರಿಗೆ ಗೊತ್ತೈತ್ರಿ ಸರ."

"ಊರು ದಾಖಲಿ ಅಲ್ಲ, ತಂಗಿ." ಅವನು ಕುರ್ಚಿಗೆ ಒರಗಿದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಮಗುವಿಗೆ ಲೆಕ್ಕ ಹೇಳಿಕೊಡುವವನಂತಿದ್ದ. "ಗುರುವಾರ ಸರಕಾರದಾವ್ರು ತನಿಖಿಗೆ ಬರ್ತಾರ. ಅವರು ನೋಡೋದು ಇಷ್ಟ. ಧೂಳಿನ ಕೆಲಸ ಮಾಡಾವ್ರು ಎಷ್ಟು ಮಂದಿ, ಅದರಾಗ ಕೆಮ್ಮಾವ್ರು ಎಷ್ಟು ಮಂದಿ. ನಮ್ಮ ಖಣ್ಯಾಗ ಡ್ರಿಲ್ ಹೊಡ್ಯಾವ್ರು ಎಲ್ಲಾರೂ ಗಟ್ಟಿ ಅದಾರ. ಕೆಮ್ಮಾವ್ರು ಎಲ್ಲಾರೂ ಗೇಟು ಇಲ್ಲಾ ನೀರು. ಗೇಟು ಕಾದ್ರ ಧೂಳಿನ ಬ್ಯಾನಿ ಬರತೈತೇನು? ಬೀಡಿ ಸೇದಿ ಬಂದಿರಬೇಕು."

ಖುಶನುಮಾಳಿಗೆ ಈಗ ತಿಳಿಯಿತು. ಹಗುರು ಕೆಲಸ ಎಂದರೆ ಇದು. ಸಿಹಿ ಮಾಡಿ ಉಂಡದ್ದು ಇದಕ್ಕೆ. ಒಬ್ಬೊಬ್ಬನನ್ನೂ ಕೆಮ್ಮು ಶುರುವಾದ ತಿಂಗಳಿಗೆ ಸರಿಯಾಗಿ ಡ್ರಿಲ್ಲಿನಿಂದ ಎತ್ತಿ, ಹಿಂದಿನ ವರ್ಷಗಳನ್ನೂ ಬುಡಸಮೇತ ಕಿತ್ತು ಹಾಕಿದ್ದರು. ಕಿತ್ತದ್ದು ಅವಳ ಬೆರಳು.

"ಅಂದ್ರ ನೀವು ಬೇಕಂತ ನನ್ನ ಕಡಿಂದ..."

"ನಾ ಏನ್ ಮಾಡೀನಿ?" ಪ್ರಭುಲಿಂಗ ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಯಾವ ಜಾಗ ಯಾರು ಯಾವಾಗ ತಿದ್ದಿದರು ಎಂಬುದರ ಪಟ್ಟಿ ಅದು. ನಲವತ್ಮೂರು ತಿದ್ದುಪಡಿ. ಮೊದಲು ಡ್ರಿಲ್, ಆಮೇಲೆ ಕಾವಲುಗಾರ. ಮೊದಲು ಡ್ರಿಲ್, ಆಮೇಲೆ ನೀರಿನವ. ಒಂದೊಂದರ ಮುಂದೂ ಖುಶನುಮಾ, ಖುಶನುಮಾ, ಖುಶನುಮಾ. "ಇದರಾಗ ನನ್ನ ಹೆಸರು ಎಲ್ಲೆರೆ ಐತೇನು ನೋಡವಾ."

"ಚೀಟಿ ನೀವ ಕೊಟ್ರಿ!"

"ಎಲ್ಲಿ ಅದಾವ ಚೀಟಿ?"

ಅವಳ ಕಣ್ಣು ಕಸದ ಬುಟ್ಟಿಯ ಕಡೆ ಹೋಯಿತು. ಅವನು ಡ್ರಾವರಿನಿಂದ ಒಂದು ಟೈಪು ಮಾಡಿದ ಕಾಗದ ತೆಗೆದ. "ಹೆದರಬ್ಯಾಡ. ಮೊದಲ ಡ್ರಿಲ್ ಅಂತ ಇದ್ದದ್ದು ಕಂಪ್ಯೂಟರ್ ತಪ್ಪು ಓದಿದ್ದು, ಅದನ್ನ ನಾ ಸರಿ ಮಾಡೀನಿ ಅಂತ ಒಂದು ಸಹಿ ಹಾಕಿಬಿಡು. ಆ ಪಟ್ಟಿನ ಕಂಪನಿಯಾವ್ರು ಮ್ಯಾಲಿಂದ ತಗಸ್ತಾರ. ಮತ್ತ ನೀ ಆರು ತಿಂಗಳಿಂದ ಬೆನ್ನ ಹತ್ತಿದ್ದಿಯಲ್ಲಾ, ಜಹೀರನ್ನ ಡ್ರಿಲ್ಲಿಂದ ತಗೀರಿ, ಕೆಮ್ಮತಾನ ಅಂತ? ನಾಳಿಂದ ನೀರಿನ ಟ್ಯಾಂಕಿಗೆ ಹಾಕೀನಿ. ಹಗುರು ಕೆಲಸ. ತಗೋ, ಇವತ್ತಿನ ಚೀಟಿ."

ಚೀಟಿಯಲ್ಲಿ ಅವನ ಕೈಬರಹದಲ್ಲಿ ಬರೆದಿತ್ತು. ಜಹೀರ, ನೀರು.

ನಿನ್ನೆಯಾಗಿದ್ದರೆ ಅವಳು ಅವನ ಕಾಲಿಗೆ ಬೀಳುತ್ತಿದ್ದಳು. ಈಗ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಸಹಿಯ ಕಾಗದ ಮೇಜಿನ ಮೇಲೇ ಬಿಟ್ಟಳು. "ಉಂಡು ಬಂದು ಹಾಕ್ತೇನ್ರಿ" ಎಂದು ಹೊರಗೆ ಬಂದಳು.

ಖಣಿಯ ತಗಡಿನ ಶೆಡ್ಡಿನಲ್ಲಿ ಆಳುಗಳು ರೊಟ್ಟಿ ಬಿಚ್ಚಿದ್ದರು. ನೂರೈವತ್ತು ಮಂದಿ. ದುರಗಪ್ಪನನ್ನು ನಡೆಸಿಕೊಂಡು ಸತ್ಯವ್ವ ಅಲ್ಲೇ ಬಂದು ಕೂತಿದ್ದಳು. ಖುಶನುಮಾ ನಡುವೆ ನಿಂತು ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ನಾನೇ ತಿದ್ದಿದೆ ಎಂದಳು.

ರೊಟ್ಟಿ ಹಿಡಿದ ಕೈಗಳು ನಿಂತವು. ನೀರಿನ ಟ್ಯಾಂಕಿನ ನಬಿಸಾಬ ಎದ್ದು ಬಂದ. ಹದಿನೆಂಟು ವರ್ಷ ಡ್ರಿಲ್ ಹೊಡೆದವನು.

"ನಂದೂ?"

"ಹೌದ್ರಿ ಚಾಚಾ."

"ಹಗುರು ಕೆಲಸ ಕೊಟ್ರು ಅಂತ ಆ ದಿನ ಜಿಲೇಬಿ ತಂದಿದ್ದೆ. ನಿನಗೂ ಕೊಟ್ಟಿದ್ದೆ. ನೀ ತಿಂದಿದ್ದಿ."

"ತಿಂದಿದ್ದೆ" ಎಂದಳು ಖುಶನುಮಾ.

ಸತ್ಯವ್ವ ಸೀರೆ ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ನಿನ್ನ ಬೆರಳಿಗೆ ಹುಳ ಬೀಳ್ಲಿ! ಕಲ್ತೀನಿ ಕಲ್ತೀನಿ ಅಂತ ಮೆರದಾಡಿದ್ದು ಇದಕ್ಕೇನ? ನನ್ನ ಗಂಡಂದು ಇಪ್ಪತ್ತೆರಡು ವರ್ಷ ನುಂಗಾಕ ಎಷ್ಟು ಹೊತ್ತು ಹಿಡೀತ ನಿನಗ?"

"ಒಂದು ಕ್ಷಣ, ಚಿಗವ್ವಾ."

ಜಹೀರ ತಂಗಿಯ ಮುಖ ನೋಡದೆ ನೆಲ ನೋಡುತ್ತಿದ್ದ. ಅವಳು ಚೀಟಿಯನ್ನು ಅವನ ಮುಂದೆ ಹಿಡಿದಳು.

"ಭಾಯ್, ನಾಳಿಂದ ನೀನು ನೀರು. ಇವತ್ತ ನಾ ಇದನ್ನ ತಿದ್ದಿದ್ರ ನೀನು ಹಿಂದಿನ ಹನ್ನೊಂದೂ ವರ್ಷ ನೀರು. ಬೈಯಾದಿದ್ರ ಎಲ್ಲಾರೂ ಆಮ್ಯಾಲ ಬೈರಿ. ನಾ ತಿದ್ದೂಕಿಂತ ಮೊದಲ ಏನಿತ್ತು ಅನ್ನೋದು ಕಂಪ್ಯೂಟರಿನಾಗ ಇನ್ನೂ ಐತಿ. ನಾ ಸಹಿ ಹಾಕಂಗಿಲ್ಲ ಅಂತ ಗೊತ್ತಾದ ಕೂಡ್ಲೆ ನನ್ನ ಲಾಗಿನ್ ಬಂದ್ ಮಾಡ್ತಾರ. ಈಗ ಬರ್ರಿ."

ಯಾರೂ ಏಳಲಿಲ್ಲ. ಆ ಕಚೇರಿಯೊಳಗೆ ದುರಗಪ್ಪನನ್ನು ಬಿಟ್ಟರೆ ಅವರಲ್ಲಿ ಒಬ್ಬನೂ ಕಾಲಿಟ್ಟವನಲ್ಲ. ಆಗ ದುರಗಪ್ಪ ನೆಲಕ್ಕೆ ಕೈ ಊರಿ ಎದ್ದ. "ಆ ಮೆಟ್ಲು ಇನ್ನೊಮ್ಮೆ ಹತ್ತೂದಾತಲ್ಲೋ" ಎಂದು ಗೊಣಗಿದ. ಜಹೀರ ಹೋಗಿ ಅವನ ಮುಂದೆ ಬೆನ್ನು ಬಾಗಿಸಿ ಕೂತ. "ಹತ್ರಿ ಕಾಕಾ." ದುರಗಪ್ಪನನ್ನು ಬೆನ್ನ ಮೇಲೆ ಹೊತ್ತು ಜಹೀರ ಮುಂದೆ, ನೂರೈವತ್ತು ಮಂದಿ ಹಿಂದೆ.

ಪ್ರಭುಲಿಂಗ ಊಟದ ಡಬ್ಬಿ ಬಿಟ್ಟು ಎದ್ದು ಬಂದ. "ಏನಿದು? ಹೊರಗ ನಡೀರಿ! ನೆಲದ ಫರಸಿ ನೋಡ್ರಿ ಏನಾತು, ಚಪ್ಪಲಿಯಾದ್ರೂ ಬಿಡಬಾರದ?"

"ಫರಸಿ ನಾವ ಕಡದದ್ದರಿ" ಎಂದ ಜಹೀರ.

ಖುಶನುಮಾ ಕುರ್ಚಿಗೆ ದುರಗಪ್ಪನನ್ನು ಕೂರಿಸಿದಳು. ತಾನು ನಿಂತು ಪಟ್ಟಿ ತೆರೆದಳು. ಪ್ರಭುಲಿಂಗನಿಗೆ ಅರ್ಥವಾಯಿತು. ಅವನು ಗೋಡೆಯ ಪ್ಲಗ್ಗಿನ ಕಡೆ ನುಗ್ಗಿದ. ಅವನಿಗಿಂತ ಮೊದಲೇ ಸತ್ಯವ್ವ ಹೋಗಿ ಪ್ಲಗ್ಗಿಗೆ ಬೆನ್ನು ಹಚ್ಚಿ, ಕಾಲು ಚಾಚಿ ಕೂತುಬಿಟ್ಟಳು.

"ಮುಟ್ಟು ನೋಡೂಣು" ಎಂದಳು.

ಅವನು ಮೊಬೈಲ್ ತೆಗೆದು ಮಾಲೀಕರಿಗೆ ಫೋನ್ ಹಚ್ಚುತ್ತ ಕ್ಯಾಬಿನ್ನಿಗೆ ಓಡಿದ.

"ಮೊದಲ ಕಾಕಾಂದು ತಗೀತೇನಿ" ಎಂದಳು ಖುಶನುಮಾ.

ದುರಗಪ್ಪ ಕೈ ಅಡ್ಡ ಆಡಿಸಿದ. "ನಾ ಕುಂತೀನಿ, ಅವರು ನಿಂತಾರ. ನಂದು ಕಡೀಕ ಇರ್ಲಿ."

ಹಾಗೇ ಆಯಿತು. ಅವಳು ಒಂದೊಂದೇ ಹೆಸರು ಕೂಗಿದಳು. "ನಬಿಸಾಬ. ಮೊದಲು ಡ್ರಿಲ್, ಹದಿನೆಂಟು ವರ್ಷ. ತಿದ್ದಿದ ಮ್ಯಾಲ ನೀರಿನವ. ತಿದ್ದಿದಾಕಿ ಖುಶನುಮಾ." ಪ್ರಿಂಟರು ಹಾಳೆ ಕೊಟ್ಟಿತು. ನಬಿಸಾಬ ಇಸಿದುಕೊಂಡ. "ಹಣಮಪ್ಪ. ಮೊದಲು ಡ್ರಿಲ್, ಒಂಬತ್ತು ವರ್ಷ. ತಿದ್ದಿದಾಕಿ ಖುಶನುಮಾ." ಪ್ರತಿ ಸಲ ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು. ಓದು ಬಾರದವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಅಂಗಿಯ ಒಳಗೆ ಇಟ್ಟುಕೊಂಡರು.

ಹತ್ತೊಂಬತ್ತನೆಯ ಹಾಳೆ ಹೊರಗೆ ಬರುತ್ತಿದ್ದಂತೆ ಪರದೆ ಬೆಳ್ಳಗಾಯಿತು. ನಿಮಗೆ ಪ್ರವೇಶವಿಲ್ಲ ಎಂದು ಬಂತು. ಖುಶನುಮಾ ಮತ್ತೆ ಹೆಸರು ಹೊಡೆದಳು. ಪ್ರವೇಶವಿಲ್ಲ. ಮತ್ತೆ ಹೊಡೆದಳು.

ಪ್ರಭುಲಿಂಗ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದ. "ಮುಗೀತು. ಆ ಪಟ್ಟಿ ಇನ್ನ ಯಾರಿಗೂ ಕಾಣಂಗಿಲ್ಲ. ನಿಮ್ಮ ಕೈಯಾಗಿನ ಹಾಳ್ಯಾಗ ಸಹಿ ಇಲ್ಲ, ಶಿಕ್ಕಾ ಇಲ್ಲ. ಬೀಡಿ ಸುತ್ತಿಕೊಳ್ಳಾಕ ಬರ್ತಾವ. ತಂಗಿ, ನಿನ್ನ ಕೆಲಸ ಹೋತು. ಪೊಲೀಸರಿಗೆ ಹೇಳ್ಯಾರ ಮಾಲೀಕರು."

ಇಪ್ಪತ್ನಾಲ್ಕು ಮಂದಿ ಬರಿಗೈಯಲ್ಲಿ ನಿಂತಿದ್ದರು. ದುರಗಪ್ಪ ಅವರಲ್ಲೊಬ್ಬ. ಸತ್ಯವ್ವ ಗಂಡನ ಕಡೆ ನೋಡಿ, "ಮೊದಲ ನಿಂದ ತಗಸಬೇಕಿಲ್ಲೋ ಪುಣ್ಯಾತ್ಮಾ" ಎಂದಳು. ಆಗ ಮಾತ್ರ ಅವಳಿಗೆ ಅಳು ಬಂತು.

ಖುಶನುಮಾ ಕಪಾಟು ತೆರೆದಳು. ಬರೆಯದ ಹಾಜರಿ ಪುಸ್ತಕವೊಂದನ್ನು ತೆಗೆದಳು. ಮೊದಲನೆಯ ಪುಟದ ಮೇಲ್ತುದಿಗೆ ಬರೆದು, ಜಹೀರನ ಚೀಟಿಯನ್ನು ಅದರ ಕೆಳಗೆ ಅಂಟಿಸಿ, ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ನಲವತ್ಮೂರು ಜನರ ಕೆಲಸವನ್ನು ಸುಳ್ಳಾಗಿ ತಿದ್ದಿದವಳು ನಾನು, ಖುಶನುಮಾ. ತಿದ್ದಲು ಹೇಳಿದವರು ಮ್ಯಾನೇಜರ್ ಪ್ರಭುಲಿಂಗ. ಅವರ ಕೈಬರಹದ ಚೀಟಿಯೊಂದನ್ನು ಇಲ್ಲಿ ಅಂಟಿಸಿದ್ದೇನೆ."

"ಅದಕ್ಕೂ ಕಿಮ್ಮತ್ತಿಲ್ಲ" ಎಂದ ಪ್ರಭುಲಿಂಗ. ದನಿ ಮೊದಲಿನಷ್ಟು ಮೆತ್ತಗಿರಲಿಲ್ಲ.

"ಗುರುವಾರ ಬರಾವ್ರಿಗೆ ನಾವ ಹೇಳ್ತೇವಿ, ಕಿಮ್ಮತ್ತು ಎಷ್ಟು ಅಂತ" ಎಂದ ನಬಿಸಾಬ. "ನೀ ಬರಿಯವಾ. ಒಬ್ಬೊಬ್ಬಗ ಹತ್ತ್ಹತ್ತು ಮಂದಿ ಸಾಕ್ಷಿ ಹೆಬ್ಬೆಟ್ಟು ಒತ್ತತೀವಿ."

ಖುಶನುಮಾ ಪೆನ್ನು ಹಿಡಿದು ದುರಗಪ್ಪನ ಮುಂದೆ ಮೊಣಕಾಲೂರಿ ಕೂತಳು.

"ಹೆಸರು, ಕಾಕಾ?"

"ದುರಗಪ್ಪ."

"ಕೆಲಸ?"

ದುರಗಪ್ಪ ಬಾಯಿ ತೆರೆದ. ಉಸಿರು ಬರಲಿಲ್ಲ. ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ. ಕತ್ತಿನ ನರ ಉಬ್ಬಿದವು. ಮತ್ತೆ ಬಾಯಿ ತೆರೆದ.

"ಡ್ರಿಲ್ಲು" ಎಂದ ನಬಿಸಾಬ.

"ಡ್ರಿಲ್ಲು" ಎಂದ ಜಹೀರ.

"ಡ್ರಿಲ್ಲು, ಬರಿ!" ಎಂದರು ಬಾಗಿಲಲ್ಲಿ ನಿಂತವರು, ಮೆಟ್ಟಿಲ ಮೇಲೆ ನಿಂತವರು.

ಎರಡು ಗಂಟೆಯ ಸೈರನ್ ಕೂಗಿತು. ಖಣಿಯ ಕಡೆ ಒಬ್ಬನೂ ಹೊರಳಲಿಲ್ಲ. ಅದು ಕೂಗಿ ಮುಗಿಯುವ ತನಕ ಖುಶನುಮಾ ಕಾದಳು. ಆಮೇಲೆ ತಲೆ ಎತ್ತಿ ಎಲ್ಲರನ್ನೂ ಕೇಳಿದಳು.

"ಎಷ್ಟು ವರ್ಷ?"